ಒಬ್ಬನಿಗೆ ಐದು ಎಲೆ

ಧಾರವಾಡದಿಂದ ಬೆಳಿಗ್ಗೆ ಐದೂವರೆಗೆ ಹೊರಟಾಗ ನನ್ನ ಕೈಯಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ ಹನ್ನೆರಡು ಜೋಳದ ರೊಟ್ಟಿ ಮತ್ತು ಒಂದು ಡಬ್ಬಿ ಶೇಂಗಾ ಚಟ್ನಿ. ಸತ್ತ ಗೆಳೆಯನ ಮನೆಗೆ ರೊಟ್ಟಿ ಕಟ್ಟಿಕೊಂಡು ಹೋಗುವುದನ್ನು ನಮ್ಮ ಕಡೆ ಯಾರೂ ಕಂಡವರಿಲ್ಲ, ಕೇಳಿದವರಿಲ್ಲ. ಆದರೆ ಅವನ ಹೆಂಡತಿ ಲೀಲಕ್ಕನ ಪತ್ರದಲ್ಲಿ ಹಾಗೆಯೇ ಬರೆದಿತ್ತು. "ಹದಿನಾರನೆಯ ದಿನ ಸಂಜೆ ಅವರನ್ನು ಮನೆಯೊಳಗೆ ಕರೆಯುವ ಕ್ರಮ ಉಂಟು. ಅವರು ನಿಮ್ಮಲ್ಲಿ ಎಂತ ಇಷ್ಟಪಟ್ಟು ಉಣ್ಣುತ್ತಿದ್ದರೋ ಅದನ್ನು ತನ್ನಿ. ಒಂದು ದಿನ ಮುಂಚೆಯೇ ಬನ್ನಿ." ಪತ್ರವನ್ನು ಮೂರು ಸಲ ಓದಿದೆ. ಸತ್ತವನನ್ನು ಒಳಗೆ ಕರೆಯುವುದು ಎಂದರೇನೆಂದು ತಿಳಿಯಲಿಲ್ಲ. ನನ್ನ ಹೆಂಡತಿ ಸರೋಜಾ ಮಾತ್ರ ಏನೂ ಕೇಳದೆ ಹಿಟ್ಟು ಕಲಸಲು ಕುಳಿತಳು.

ಅದು ಎಂಬತ್ತೆರಡರ ಡಿಸೆಂಬರ್. ಆ ಗೆಳೆಯ, ಮಂಗಳೂರಿನ ಸಂಜೀವ, ನನಗೆ ಪರಿಚಯವಾದದ್ದು ಎಪ್ಪತ್ತೊಂದರಲ್ಲಿ, ಹುಬ್ಬಳ್ಳಿಯಲ್ಲಿ, ಹಳೆಯ ಕಾರು ಮಾರುವವರ ಅಂಗಳದಲ್ಲಿ. ನಾನು ದಾರಿಹೋಕ. "ಸ್ವಲ್ಪ ಒಳಗೆ ಕೂತು ಎಕ್ಸಿಲೇಟರ್ ಒತ್ತಿ ಮಾರಾಯ್ರೆ" ಎಂದು ಕರೆದ. ನಾನು ಒತ್ತಿದೆ. ಅವನು ಬಾನೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಂತ. ಹತ್ತು ನಿಮಿಷ ಕೇಳಿ, "ಇವಳಿಗೆ ಕೆಮ್ಮು ಉಂಟು, ಆದರೆ ಎದೆ ಒಳ್ಳೆಯದು" ಎಂದು ಆ ಕೆನೆಬಣ್ಣದ ಅಂಬಾಸಡರನ್ನು ಬಾಡಿಗೆಗೆ ಓಡಿಸಲು ಕೊಂಡೇಬಿಟ್ಟ. ಆ ಸಂಜೆ ಧಾರವಾಡದ ನಮ್ಮ ಮನೆಯಲ್ಲಿ ಊಟ. ಆಮೇಲೆ ಹನ್ನೊಂದು ವರ್ಷ, ವರ್ಷಕ್ಕೆ ಎರಡು ಸಲ, ಬಿಡಿಭಾಗ ಹುಡುಕಿಕೊಂಡು ಹುಬ್ಬಳ್ಳಿಗೆ ಬಂದಾಗಲೆಲ್ಲ ಊಟ ನಮ್ಮಲ್ಲೇ. ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ಮುಳುಗಿಸಿಟ್ಟು ತಿನ್ನುತ್ತಿದ್ದ. ಕರಾವಳಿಯವನ ಚಾಳಿ ಎಂದು ನಾವು ನಗುತ್ತಿದ್ದೆವು. "ಅಕ್ಕ, ಇದೊಂದು ಸಿಕ್ಕಿದ್ರೆ ನನಗೆ ಬೇರೆ ಎಂತದೂ ಬೇಡ" ಎಂದು ಪ್ರತಿ ಸಲವೂ ಸರೋಜಾಳಿಗೆ ಹೇಳುತ್ತಿದ್ದ. ಅವನ ಅತಿ ಹತ್ತಿರದ ಗೆಳೆಯ ನಾನೇ ಎಂಬ ಸಣ್ಣ ಜಂಬವೊಂದು ನನ್ನಲ್ಲಿತ್ತು. ಅದನ್ನೂ ಗಂಟಿನ ಜೊತೆ ಒಯ್ದಿದ್ದೆ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆ. ಮಂಗಳೂರಿಗೆ ಮೂವತ್ತೆಂಟು ರೂಪಾಯಿ. ಯಲ್ಲಾಪುರದಲ್ಲಿ ಚಳಿ, ಅರಬೈಲು ಘಟ್ಟ ಇಳಿದದ್ದೇ ಬೆವರು. ಹೊನ್ನಾವರದಲ್ಲಿ ಊಟಕ್ಕೆ ನಿಲ್ಲಿಸಿದಾಗ ಪಕ್ಕದ ಸೀಟಿನ ಹಿರಿಯರು ನನ್ನ ಗಂಟನ್ನು ನೋಡಿ, "ರೊಟ್ಟಿ ಇಟ್ಕೊಂಡು ಹೋಟ್ಲಿಗೆ ಯಾಕ್ರೀ ಹೋಗ್ತೀರಿ?" ಎಂದರು. "ಇದು ಸತ್ತವನಿಗೆ" ಎಂದೆ. ಅವರು ಕುಂದಾಪುರದವರೆಗೆ ನನ್ನೊಡನೆ ಮಾತಾಡಲಿಲ್ಲ.

ಸಂಜೆ ಐದೂವರೆಗೆ ಮಂಗಳೂರು. ನಿಲ್ದಾಣದ ಹೊರಗೆ ಅದೇ ಕೆನೆಬಣ್ಣದ ಕಾರು ನಿಂತಿತ್ತು. ಅದನ್ನು ಕಂಡ ಕೂಡಲೇ ಸಂಜೀವ ಕೆಳಗಿಳಿಯುತ್ತಾನೆಂದು ಕಾದೆ. ಇಳಿದವನು ಅವನ ತಂಗಿಯ ಮಗ ಸುಧಾಕರ, ಇಪ್ಪತ್ತಾರು ದಾಟಿದ ಬ್ಯಾಂಕ್ ನೌಕರ. ನಾನು ಹತ್ತಿ ಬಾಗಿಲು ಎಳೆಯುವ ಮೊದಲೇ ಅವನು, "ಮೆಲ್ಲ" ಎಂದ. ಕೂಡಲೇ ನಾಚಿಕೊಂಡ. "ಕ್ಷಮಿಸಿ ಅಂಕಲ್. ಮಾವ ಹೇಳ್ತಿದ್ರಲ್ಲ, ಅದೇ ಬಾಯಿಗೆ ಬರ್ತದೆ." ಕಾರಿನ ಬಾಗಿಲನ್ನು ಧಡ್ ಎಂದು ಹಾಕಿದವರನ್ನು ಸಂಜೀವ ಸುಮ್ಮನೆ ಬಿಟ್ಟವನಲ್ಲ. ತೆರೆದು ಇನ್ನೊಮ್ಮೆ ಹಾಕಿಸುತ್ತಿದ್ದ, ಜಿಲ್ಲೆಯ ಅಧಿಕಾರಿಯಾದರೂ ಸರಿ.

ಅವನು ತೀರಿಕೊಂಡದ್ದೂ ಆ ಕಾರಿನಲ್ಲೇ ಎಂದು ಸುಧಾಕರ ದಾರಿಯಲ್ಲಿ ಹೇಳಿದ. ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಆಸ್ಪತ್ರೆಗೆ ಮುಟ್ಟಿಸಿ, ಮರದ ನೆರಳಲ್ಲಿ ಕಾರು ನಿಲ್ಲಿಸಿ, ಸ್ಟಿಯರಿಂಗಿಗೆ ತಲೆಯಿಟ್ಟಿದ್ದನಂತೆ. ನಿದ್ದೆ ಎಂದೇ ಎಲ್ಲರೂ ತಿಳಿದರು. "ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದಿದ್ರು" ಎಂದು ಎರಡು ಸಲ ಹೇಳಿದ. ನಲವತ್ತೈದೂ ತುಂಬಿರಲಿಲ್ಲ.

ಕೊಟ್ಟಾರದ ಅವನ ಮನೆಯಲ್ಲಿ ಲೀಲಕ್ಕ ಅಳುತ್ತಿರಲಿಲ್ಲ. ಬಚ್ಚಲಿಗೆ ಬಿಸಿನೀರು ತೋರಿಸಿ, ಚಹಾ ಕೊಟ್ಟು, ರೊಟ್ಟಿಯ ಗಂಟನ್ನು ಎತ್ತಿಟ್ಟು, ಎದುರಿಗೆ ಕುಳಿತು ನೇರವಾಗಿ ವಿಷಯಕ್ಕೆ ಬಂದರು.

"ಅಣ್ಣ, ನಾಳೆ ಅವರಿಗೆ ಇಷ್ಟವಾದದ್ದನ್ನು ಬಡಿಸಿ ಒಳಗೆ ಕರೆಯಬೇಕು. ಇಷ್ಟ ಎಂತ ಅಂತಲೇ ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ? ಹದಿನೆಂಟು ವರ್ಷ ಅಡುಗೆ ಮಾಡಿ ಹಾಕಿದ್ದೀರಿ."

"ಹಾಕಿದ್ದೇನೆ. ಬಂಗುಡೆ ಮೀನಿನ ಸಾರು ಮಾಡಿದ್ರೂ ಒಂದೇ ಮಾತು, ತೊಂಡೆಕಾಯಿ ಪಲ್ಯ ಮಾಡಿದ್ರೂ ಒಂದೇ ಮಾತು. ಉಪ್ಪು ಕಮ್ಮಿ. ಅಷ್ಟೇ. ಊರೆಲ್ಲ ತಿರುಗಿ ಯಾರ್ಯಾರ ಮನೆಯಲ್ಲೋ ಊಟ ಮಾಡಿ ಬರ್ತಿದ್ರು. ಅವರಿಗೆಲ್ಲ ಗೊತ್ತಿರ್ಬಹುದು. ನೀವು ಸುಧಾಕರನೊಟ್ಟಿಗೆ ಹೋಗಿ ಕೇಳಿ ಬನ್ನಿ. ನಾನೇ ಹೋಗಿ, ನನ್ನ ಗಂಡನಿಗೆ ಎಂತ ಇಷ್ಟ ಅಂತ ಕೇಳಲಿಕ್ಕೆ ನಾಚಿಕೆ ಆಗ್ತದೆ."

ಈ ಪ್ರಯಾಣದಲ್ಲಿ ನನಗೆ ಇಂಥದೊಂದು ಕೆಲಸ ಬೀಳುತ್ತದೆಂದು ಅಂದುಕೊಂಡಿರಲಿಲ್ಲ. ರೊಟ್ಟಿ ಇದೆಯಲ್ಲ, ಅದೇ ಅವನ ಇಷ್ಟ ಎಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ, ಹೋಗಿ ಕೇಳಿ ಬರುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮೊದಲು ಕುದ್ರೋಳಿ, ಮನೆಯಿಂದ ನಾಲ್ಕು ಮೈಲಿಯೂ ಇಲ್ಲ. ಓಣಿಯೊಳಗೆ ದೇವಸ್ಥಾನದ ಅರ್ಚಕರಾದ ಭಟ್ಟರ ಮನೆ. ಅವರ ಕಣ್ಣಿನ ಆಪರೇಷನ್ನಿಗೆ ಸಂಜೀವ ತಿಂಗಳುಗಟ್ಟಲೆ ಕರೆದುಕೊಂಡು ಹೋಗಿ ಬಂದಿದ್ದನಂತೆ. ಕಾರಿನ ಸದ್ದಿಗೇ ಭಟ್ಟರ ಹೆಂಡತಿ ಬಾಗಿಲಿಗೆ ಬಂದು, ಒಳಗಿದ್ದವನು ಬೇರೆಯವನೆಂದು ಕಂಡು, ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಬಂದ ಕಾರಣ ಹೇಳಿದೆ.

"ಇದೆಂತ ಕೇಳುವುದು? ಸೌತೆಕಾಯಿ ಹುಳಿ. ನಮ್ಮ ಜಗಲಿಯಲ್ಲಿ ಕೂತು ಮೂರು ಸಲ ಹಾಕಿಸಿಕೊಳ್ತಿದ್ರು. 'ಅಮ್ಮ, ಇದೊಂದು ಸಿಕ್ಕಿದ್ರೆ ನನಗೆ ಬೇರೆ ಎಂತದೂ ಬೇಡ' ಅಂತ ಹೇಳ್ತಿದ್ರು."

ನನಗೆ ಕಿವಿ ಬಿಸಿಯಾಯಿತು. ಅದು ನಮ್ಮ ಮನೆಯ ಮಾತು. ಹುಳಿ ಮಾಡುವವರೆಗೆ ಒಂದು ಗಂಟೆ ಕೂರಿಸಿ, ಮುಚ್ಚಳದ ಪಾತ್ರೆಗೆ ತುಂಬಿ ಕೊಟ್ಟರು. "ಮೀನಿನ ಹತ್ತಿರ ಇಡಬೇಡಿ" ಎಂದು ಎಚ್ಚರಿಸಿದರು.

ಅಲ್ಲಿಂದ ಉಳ್ಳಾಲ. ನೇತ್ರಾವತಿಯ ಸೇತುವೆ ದಾಟುವಾಗ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಬಿಡಲಾಗಲಿಲ್ಲ. ಹಸನಬ್ಬ ಎಂಬವರಿಗೆ ಎರಡು ದೋಣಿಗಳಿವೆ. ಅವರ ಮಗಳ ಹೆರಿಗೆ ಆದದ್ದು ಇದೇ ಸೇತುವೆಯ ಮೇಲೆ, ಇದೇ ಕಾರಿನ ಹಿಂದಿನ ಸೀಟಿನಲ್ಲಿ. "ಮೂರನೇ ಗೇರಿನಲ್ಲಿ ಹುಟ್ಟಿದ ನನ್ನ ಮೊಮ್ಮಗ" ಎಂದು ನಕ್ಕರು, ನಗುತ್ತಲೇ ಅತ್ತರು. ನಾನು ಪ್ರಶ್ನೆ ಕೇಳಿದೆ.

"ಪತ್ತಿರ್ ಮತ್ತು ಆಡಿನ ಸಾರು! ನಮ್ಮ ಅಕ್ಕಿರೊಟ್ಟಿ ಕಂಡರೆ ಸಂಜೀವಣ್ಣನಿಗೆ ಹಬ್ಬ. 'ಇದೊಂದು ಸಿಕ್ಕಿದ್ರೆ...'"

"'...ನನಗೆ ಬೇರೆ ಎಂತದೂ ಬೇಡ'" ಎಂದೆ ನಾನು.

"ನಿಮಗೆ ಹೇಗೆ ಗೊತ್ತು?" ಹಸನಬ್ಬರ ಮುಖ ಸಪ್ಪಗಾಯಿತು. ಹೇಳಬಾರದಿತ್ತು ಎನಿಸಿತು. ಅವರೂ ಒಂದು ಜಂಬ ಇಟ್ಟುಕೊಂಡಿದ್ದರಲ್ಲ.

ಬಜಪೆಗೆ ಹೋಗಲು ಮಂಗಳೂರನ್ನು ಮತ್ತೆ ದಾಟಿ ಹನ್ನೆರಡು ಮೈಲಿ. ನಡುವೆ ಸುಧಾಕರನನ್ನು ಕೇಳಿದೆ, "ಅವನಿಗೆ ಏನು ಇಷ್ಟ ಅಂತ ನಿನಗೂ ಗೊತ್ತಿಲ್ಲವೇನೋ?"

"ಕಾರಿಗೆ ಯಾವ ಆಯಿಲ್ ಆಗ್ತದೆ, ಯಾವುದು ಆಗುವುದಿಲ್ಲ ಅಂತ ಮಾವ ಒಂದು ಗಂಟೆ ಹೇಳ್ತಿದ್ರು. ನಿಮಗೆ ಎಂತ ಬೇಕು ಅಂದ್ರೆ, ಯಾವುದಾದ್ರೂ ಆಯ್ತು ಮಾರಾಯ ಅಂತಿದ್ರು." ಗೇರ್ ಬದಲಿಸುತ್ತ ಹೇಳಿದ, "ಕೆಲವು ದಿನ ಮೂರು ಮನೆಯಲ್ಲಿ ಊಟ ಆಗ್ತಿತ್ತು ಅಂಕಲ್. ಯಾರಿಗೂ ಬೇಡ ಅಂತ ಹೇಳುವ ಜನ ಅಲ್ಲ."

ಬಜಪೆಯ ಸೆಲಿನ್ ಬಾಯಿ ನಿವೃತ್ತ ನರ್ಸ್. ಅವರೂ ಸಂಜೀವನೂ ಭಾನುವಾರಗಳಲ್ಲಿ ಹಳ್ಳಿಗಳಿಗೆ ಹೋಗಿ ಹಾಸಿಗೆ ಹಿಡಿದ ರೋಗಿಗಳನ್ನು ನೋಡಿ ಬರುತ್ತಿದ್ದರು. ಅಂಗಳದಲ್ಲಿ ಇಳಿದು ನಾನು ಬಾಗಿಲು ಹಾಕಿದಾಗ, "ಗುಡ್, ಮೆಲ್ಲ ಹಾಕಿದ್ರಿ. ಅವನ ಫ್ರೆಂಡೇ" ಎಂದರು. ಅವರ ಉತ್ತರ ಸನ್ನ ಮತ್ತು ಹಂದಿ ಮಾಂಸ. ಸನ್ನ ಎಂದರೆ ಇಡ್ಲಿಯಂತೆ ಹಬೆಯಲ್ಲಿ ಬೇಯಿಸಿದ್ದು. ಉಳಿದ ವಾಕ್ಯವನ್ನು ಈ ಸಲ ನಾನು ಬಾಯಿ ಬಿಡದೆ ಪೂರ್ತಿ ಕೇಳಿದೆ.

ಮೂರು ಪಾತ್ರೆಗಳನ್ನು ಒಂದಕ್ಕೊಂದು ತಾಗದಂತೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕುಳಿತೆ. ಸಿಟ್ಟು ಬಂದಿತ್ತು. ನನ್ನ ಹನ್ನೊಂದು ವರ್ಷದ ಗೆಳೆಯ ಯಾರು? ಹುಳಿಯವನೋ, ಪತ್ತಿರ್‌ನವನೋ, ಸನ್ನದವನೋ? ಎಲ್ಲರಿಗೂ ಒಂದೇ ಮಾತು ಹೇಳಿದವನು ಯಾರಿಗೆ ನಿಜ ಹೇಳಿದ? ಕೇಳೋಣವೆಂದರೆ ಆಸಾಮಿಯೇ ಇಲ್ಲ.

ನಾಲ್ಕು ಗಂಟೆಗೆ ಮನೆ ಮುಟ್ಟಿ ಲೀಲಕ್ಕನ ಮುಂದೆ ಎಲ್ಲವನ್ನೂ ಇಟ್ಟು, ಕೇಳಿದ್ದನ್ನು ಕೇಳಿದಂತೆ ಹೇಳಿದೆ. ಅವರು ಒಂದೊಂದು ಪಾತ್ರೆಯ ಮುಚ್ಚಳ ತೆರೆದು ನೋಡಿದರು. "ಎಲ್ಲ ಬಡಿಸುವ" ಎಂದರು. ಆದರೆ ಭಟ್ಟರ ಮನೆಯ ಹುಳಿ ಲೀಲಕ್ಕನ ಮೀನಿನ ಎಲೆಗೆ ಆಗದು. ಹಸನಬ್ಬರ ಸಾರು ಸೆಲಿನ್ ಬಾಯಿಯ ಮಾಂಸದ ಬಳಿ ಆಗದು. ರೊಟ್ಟಿ ನಾನು ತಂದದ್ದು, ನಮ್ಮದು ಸಸ್ಯಾಹಾರಿ ಮನೆ. ಕೊನೆಗೆ ನಡುಕೋಣೆಯಲ್ಲಿ ಐದು ಬಾಳೆಲೆ ಹಾಕಿದರು. ಐದನೆಯದು ಲೀಲಕ್ಕನದು, ಕುಚ್ಚಲಕ್ಕಿ ಅನ್ನ ಮತ್ತು ಬಂಗುಡೆ ಸಾರು.

ಕರೆಯಬೇಕಾದವರು ಸಂಜೀವನ ಸೋದರಮಾವ, ಎಂಬತ್ತರ ಹತ್ತಿರದ ಹಿರಿಯರು. ಎಲೆಗಳನ್ನು ಎಣಿಸಿ ಕೋಲು ಊರಿ ನಿಂತುಬಿಟ್ಟರು.

"ಇದೆಂತ ಲೀಲಾ? ನಾನು ಕರೆಯುವುದು ಒಬ್ಬನನ್ನು. ಐದು ಎಲೆ ಹಾಕಿದ್ರೆ ಐದು ಜನ ಬರ್ತಾರೆ. ಉಳಿದ ನಾಲ್ಕು ಯಾರು ಅಂತ ಯಾರಿಗೆ ಗೊತ್ತು? ಕರೆಯುವುದು ಸುಲಭ, ಕಳಿಸುವುದು ಯಾರು?"

"ಐದೂ ಅವರೇ ಮಾವ. ಈ ಮನೆಗೆ ಬರ್ತಿದ್ದದ್ದು ಅದರಲ್ಲಿ ಒಬ್ಬರು ಮಾತ್ರ. ಇವತ್ತಾದ್ರೂ ಎಲ್ಲ ಬರಲಿ."

ಹಿರಿಯರು ನನ್ನ ಕಡೆ ನೋಡಿದರು, ನಾನೇನೋ ದೊಡ್ಡ ಪಂಡಿತನೆಂಬಂತೆ. ನಾನು ನೆಲ ನೋಡಿದೆ. ಕೊನೆಗೆ ಅವರು ಗೊಣಗುತ್ತ ಹೊಸ್ತಿಲಿಗೆ ಹೋಗಿ, ಅಂಗಳದ ಕಡೆ ಮುಖ ಮಾಡಿ ತುಳುವಿನಲ್ಲಿ ಕರೆದರು. "ಸಂಜೀವಾ, ಉಲಾಯಿ ಬಲ." ಒಳಗೆ ಬಾ. ಮೂರು ಸಲ. ಅಂಗಳದಲ್ಲಿ ಹೊತ್ತು ಮುಳುಗುವ ಬೆಳಕು, ಆ ಬೆಳಕಿನಲ್ಲಿ ಕಾರು. ಆಮೇಲೆ ಎಲ್ಲರೂ ಹೊರಬಂದು, ಎಲೆಗಳಿದ್ದ ಕೋಣೆಯ ಬಾಗಿಲು ಮುಚ್ಚಬೇಕು. ಹಿರಿಯರು ಕದಕ್ಕೆ ಕೈ ಹಾಕಿದಾಗ ಲೀಲಕ್ಕ, "ಮೆಲ್ಲ ಮಾವ" ಎಂದರು. ಆಗ ನನಗೆ ಅಳು ಬಂತು, ತಡೆಯಲಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದರು. ಐದೂ ಎಲೆ ಬಡಿಸಿದಂತೆಯೇ ಇದ್ದವು. ಯಾವುದನ್ನಾದರೂ ಮುಟ್ಟಿದ್ದಾನೆಯೇ ಎಂದು ನಾನು ಬಗ್ಗಿ ನೋಡಿದ್ದು ನಿಜ, ಧಾರವಾಡದಲ್ಲಿ ಯಾರಿಗೂ ಹೇಳಬೇಡಿ. ಆ ಊಟ ಮನೆಯವರಿಗೆ ಪ್ರಸಾದ. ಲೀಲಕ್ಕ ಯಾರನ್ನೂ ಕಾಯದೆ ಕುಳಿತು ಒಂದೊಂದು ಎಲೆಯಿಂದ ಒಂದೊಂದು ತುತ್ತು ತೆಗೆದುಕೊಂಡರು. ಹುಳಿ, ಪತ್ತಿರ್, ಸನ್ನ. ತುತ್ತು ತುತ್ತಿಗೂ ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದರು, ಅವನು ಬಾನೆಟ್ಟಿಗೆ ಕಿವಿಯಿಟ್ಟು ನಿಲ್ಲುತ್ತಿದ್ದ ಹಾಗೆ. ಕೊನೆಗೆ ನಮ್ಮ ರೊಟ್ಟಿ ಮುರಿದು ಬಾಯಿಗೆ ಹಾಕಿ, ಕಟಕ್ಕೆಂದು ಕಡಿದು, ನನ್ನತ್ತ ತಿರುಗಿದರು.

"ಅಣ್ಣ, ಇದನ್ನು ಅವರು ತಿಂತಿದ್ರಾ? ಕೆಳಗಿನ ದವಡೆ ಹಲ್ಲು ಎರಡೂ ಬದಿ ಇರಲಿಲ್ಲ ಅವರಿಗೆ. ಕಡಲೆ ಸಹ ಅಗಿಯಲಿಕ್ಕೆ ಆಗ್ತಿರಲಿಲ್ಲ."

ಮಜ್ಜಿಗೆಯಲ್ಲಿ ಮುಳುಗಿಸಿಟ್ಟ ರೊಟ್ಟಿ ನೆನಪಾಯಿತು. ಹನ್ನೊಂದು ವರ್ಷ ನಾವು ನಕ್ಕದ್ದೂ ನೆನಪಾಯಿತು.

"ಹಾಗಾದ್ರೆ ಎಲ್ಲ ಕಡೆ ಸುಳ್ಳು ಹೇಳಿದ್ದು" ಎಂದರು ಲೀಲಕ್ಕ. ಧ್ವನಿ ಏರಲಿಲ್ಲ. "ಭಟ್ಟರಲ್ಲಿ, ಉಳ್ಳಾಲದಲ್ಲಿ, ಬಜಪೆಯಲ್ಲಿ, ನಿಮ್ಮಲ್ಲಿ. ಊರಿಗೆಲ್ಲ ಒಂದೊಂದು ಹಂಚಿದ್ದಾರೆ. ನನಗೂ ಒಂದು ಸುಳ್ಳು ಹೇಳಲಿಕ್ಕೆ ಅವರಿಗೆ ಎಂತ ಕಷ್ಟ ಇತ್ತು? ಒಂದು ದಿನ, ಇದು ಚೆಂದ ಆಗಿದೆ ಅಂತ?"

ಅವರು ಎದ್ದು ಕೈ ತೊಳೆದರು.

ಮರುದಿನ ಬೆಳಿಗ್ಗೆ ಆರೂವರೆಯ ಬಸ್ಸು. ಲೀಲಕ್ಕ ಬಾಳೆಲೆಯಲ್ಲಿ ಬುತ್ತಿ ಕಟ್ಟಿಕೊಟ್ಟರು. "ಅನ್ನ, ತೊಂಡೆಕಾಯಿ ಪಲ್ಯ. ನಿಮಗೆ ಸೇರ್ತದೋ ಇಲ್ಲವೋ" ಎಂದರು. ಗೇಟಿನ ತನಕ ಬಂದು, ನಾನು ಕಾರಿನ ಬಾಗಿಲು ಹಾಕುವುದನ್ನು ನೋಡಿ ಒಳಗೆ ಹೋದರು.

ಕುಂದಾಪುರದಲ್ಲಿ ಬಸ್ಸು ನಿಂತಿತು. ರಾತ್ರಿ ಸರಿಯಾಗಿ ಉಂಡಿರಲಿಲ್ಲ, ಅಲ್ಲೇ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆ. ಒಂದು ತುತ್ತು ತಿಂದೆ. ಎರಡನೆಯದು ತಿಂದೆ. ತೊಂಡೆಕಾಯಿ ಹದವಾಗಿ ಬೆಂದಿತ್ತು, ತೆಂಗಿನಕಾಯಿ ಧಾರಾಳವಾಗಿತ್ತು. ಉಪ್ಪು ಕಡಿಮೆ ಇತ್ತು.

ಮೂರನೆಯ ತುತ್ತು ಕೈಯಲ್ಲೇ ನಿಂತಿತು. ಸಂಜೀವ ನಮ್ಮ ಮನೆಯಲ್ಲಿ ಒಮ್ಮೆಯೂ ಉಪ್ಪು ಕಮ್ಮಿ ಎಂದವನಲ್ಲ. ಸರೋಜಾ ಉಪ್ಪನ್ನೇ ಮರೆತ ದಿನವೂ ಹಾಡಿ ಹೊಗಳಿ ಉಂಡಿದ್ದ. ನಮ್ಮ ಮನೆಯಲ್ಲಿ ಅವನು ಕೊನೆಯವರೆಗೂ ನೆಂಟನೇ. ಕುದ್ರೋಳಿಯಲ್ಲೂ ನೆಂಟ, ಉಳ್ಳಾಲದಲ್ಲೂ ನೆಂಟ. ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ಅವನಿಗೆ ಇಡೀ ಜಗತ್ತಿನಲ್ಲಿ ಒಂದೇ ಎಲೆ ಇತ್ತು.

ನಾನು ತಿಳಿದದ್ದು ಸರಿಯೋ ತಪ್ಪೋ, ಈಗಲೂ ಹೇಳಲಾರೆ. ಎದುರಿನ ಹೋಟೆಲಿನ ಮೇಜಿನ ಮೇಲೆ ಉಪ್ಪಿನ ಬಟ್ಟಲು ಕಾಣುತ್ತಿತ್ತು. ನಾನು ಏಳಲಿಲ್ಲ. ಇದ್ದ ಹಾಗೆಯೇ ಪೂರ್ತಿ ಉಂಡು, ಕೈ ತೊಳೆದು, ಚೀಲದಲ್ಲಿ ಯಾವಾಗಲೂ ಇಟ್ಟುಕೊಳ್ಳುವ ಅಂಚೆ ಕಾರ್ಡುಗಳಲ್ಲಿ ಒಂದನ್ನು ತೆಗೆದೆ. ಕಂಡಕ್ಟರ್ ಸೀಟಿ ಊದುವುದರೊಳಗೆ ಎರಡೇ ಸಾಲು ಬರೆದು ಕೆಂಪು ಡಬ್ಬಿಗೆ ಹಾಕಿದೆ.

"ಲೀಲಕ್ಕ, ಕುಂದಾಪುರದವರೆಗೆ ಸುಖವಾಗಿ ಬಂದೆ. ಪಲ್ಯಕ್ಕೆ ಉಪ್ಪು ಕಮ್ಮಿ."