ಬಣ್ಣದ ಮೀನಿನ ಅಕ್ಕ

ಅವರ ಎಡಗೈ ತುಂಬ ಹಸಿರು ಗಾಜಿನ ಬಳೆಗಳು. ಬಲಗೈ ಮಾತ್ರ ಬೋಳು. ಬಳೆ ತೊಟ್ಟಿಯ ಗಾಜಿಗೆ ತಾಗಿದರೆ ಮೀನು ಬೆಚ್ಚುತ್ತದೆ ಎಂದು ತೆಗೆದಿಟ್ಟಿದ್ದರಂತೆ. ಆ ಕೈ ಮೊಣಕೈವರೆಗೂ ಸದಾ ಒದ್ದೆ. ಬೆರಳ ತುದಿಗಳು ರಾಶಿ ಬಟ್ಟೆ ಒಗೆದು ಎದ್ದವರ ಹಾಗೆ ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಕುಶಾಲನಗರದ ನಮ್ಮ ಬಾಡಿಗೆ ಮನೆಯ ಹಿಂದಿನ ಬೀದಿಯಲ್ಲೇ ಅವರ ಬಣ್ಣದ ಮೀನಿನ ಅಂಗಡಿ. ಅಲ್ಲೊಂದು ಸ್ಟೂಲಿತ್ತು, ಅವರು ಅದರ ಮೇಲೆ ಕೂತದ್ದನ್ನು ನಾನು ಕಂಡಿಲ್ಲ. ಗಿರಾಕಿಯೊಡನೆ ಮಾತಾಡುತ್ತಲೇ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಎಲ್ಲರಿಗೂ ಅವರು ಅಕ್ಕ, ನನಗೂ.

ನನ್ನ ಗಂಡ ಸೈನಿಕ. ಮದುವೆಯಾದ ಆರು ತಿಂಗಳಿಗೆ ರಜೆ ಮುಗಿಸಿ ಹೊರಡುವಾಗ, ಮೈಸೂರಿನಿಂದ ಒಂದು ಸಣ್ಣ ಗಾಜಿನ ತೊಟ್ಟಿಯನ್ನೂ ಎರಡು ಗೋಲ್ಡ್ ಫಿಶ್‌ಗಳನ್ನೂ ತಂದು, "ನಿಂಗೆ ಜೊತೆಗಿರಲಿ" ಎಂದು ಮೇಜಿನ ಮೇಲಿಟ್ಟು ಹೋದರು. ಅವರನ್ನು ಹಾಕಿದ್ದು ಹಿಮದ ಬೆಟ್ಟಗಳ ಕಡೆ. ಮೊದಮೊದಲು ಎರಡು ದಿನಕ್ಕೊಮ್ಮೆ ಬರುತ್ತಿದ್ದ ಫೋನು ಚಳಿ ಶುರುವಾದ ಮೇಲೆ ನಿಂತೇಹೋಯಿತು. ಒಂದು ವಾರ ಕಳೆಯಿತು, ಹತ್ತು ದಿನವಾಯಿತು. ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಮೀನಿಗೆ ಗಳಿಗೆಗೊಮ್ಮೆ ಕಾಳು ಹಾಕುತ್ತಿದ್ದೆ, ದಿನಾ ತೊಟ್ಟಿ ಬರಿದು ಮಾಡಿ ನಲ್ಲಿ ನೀರು ತುಂಬುತ್ತಿದ್ದೆ. ಯಾವಾಗಲೋ ಒಂದು ಯೋಚನೆ ತಲೆಗೆ ಹೊಕ್ಕಿತು: ಈ ಮೀನುಗಳು ಚೆನ್ನಾಗಿದ್ದರೆ ಅವರೂ ಚೆನ್ನಾಗಿರುತ್ತಾರೆ.

ಒಂದು ಬೆಳಿಗ್ಗೆ ಎರಡೂ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿಗಳು. ಓಡಿಹೋಗಿ ಅಕ್ಕನಿಗೆ ಹೇಳಿದೆ.

"ನೀರು ಎಷ್ಟು ದಿನಕ್ಕೊಂದ್ಸಲ ಬದಲಾಯಿಸ್ತೀಯಾ?"

"ದಿನಾ. ಪೂರ್ತಿ."

"ಎಂತ ಮಾರಾಯ್ತಿ ನೀನು! ದಿನಾ ಮನೆ ಬದಲಾಯಿಸಿದ್ರೆ ನೀನಾದ್ರೂ ಬದುಕ್ತೀಯಾ? ವಾರಕ್ಕೊಂದ್ಸಲ ಕಾಲು ಭಾಗ ಸಾಕು. ನಲ್ಲಿ ನೀರು ಒಂದಿನ ಬಕೆಟಲ್ಲಿ ನಿಲ್ಲಿಸಿ ಹಾಕು. ಎರಡು ನಿಮಿಷದಲ್ಲಿ ತಿಂದು ಮುಗಿಸೋಷ್ಟೇ ಕಾಳು ಹಾಕು." ಔಷಧಿಯ ನೀಲಿ ಸೀಸೆ ಕೊಟ್ಟು, ನನ್ನ ಮುಖ ನೋಡಿ ದನಿ ಇಳಿಸಿದರು. "ನಿಂಗೆ ಎಂತಾಗಿದೆ?"

ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ, ಆ ಹುಚ್ಚು ಯೋಚನೆಯನ್ನೂ. ಅವರು ತಿರುಗಿ ತೊಟ್ಟಿಗೆ ಕೈ ಹಾಕಿದರು. ಆ ದಿನದಿಂದ ಅಂಗಡಿ ತೆರೆಯುವ ಮೊದಲು ನಮ್ಮ ಮನೆಗೊಮ್ಮೆ ಬಂದು ಮೀನು ನೋಡಿ ಹೋಗತೊಡಗಿದರು.

ಅಷ್ಟರಲ್ಲಿ, ಕಾಫಿ ಹಣ್ಣಾಗುವ ಹೊತ್ತಿಗೆ ಬರಬಾರದ ಮಳೆ ಬಂತು. ಮರ ಬಿದ್ದು ಲೈನು ಕಡಿದು ಕರೆಂಟು ಹೋಯಿತು. ತೊಟ್ಟಿಗೆ ಗಾಳಿ ಊದುವ ಮೋಟರು ನಿಂತಿತು. ಮರುದಿನ ಬೆಳಿಗ್ಗೆ ಅಕ್ಕ ಬಂದಾಗ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಅವರು ಸೀರೆಯ ಸೆರಗು ಸಿಕ್ಕಿಸಿ, ಲೋಟದಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಮೇಲಿನಿಂದ ಸುರಿಯತೊಡಗಿದರು. "ಹೀಗೆ ಬೀಳೋವಾಗ ಗಾಳಿ ಸೇರ್ಕೊಳ್ಳುತ್ತೆ. ಈಗ ನೀನು ಸುರಿ. ಕೈ ಸೋತಾಗ ಹೇಳು, ನಾನು ಹಿಡೀತೀನಿ." ಮಧ್ಯಾಹ್ನ ಕರೆಂಟು ಬರುವವರೆಗೆ ಇಬ್ಬರೂ ಸರದಿಯಲ್ಲಿ ಸುರಿದೆವು. ಅಕ್ಕ ಅಂಗಡಿಯನ್ನು ತಮ್ಮ ಗಂಡನಿಗೆ ಬಿಟ್ಟು ಬಂದಿದ್ದರು.

ಆದರೂ ಒಂದು ಮೀನು ಉಳಿಯಲಿಲ್ಲ. ಅದು ಮಗುಚಿ ತೇಲಿದ್ದನ್ನು ಕಂಡು ನಾನು ನೆಲಕ್ಕೆ ಕುಸಿದೆ. ಅಕ್ಕ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

"ಇಲ್ಲಿ ನೋಡು. ಕಾಯಿಲೆ ಬಂದಿತ್ತು, ಗಾಳಿ ಸಾಲಲಿಲ್ಲ, ಸತ್ತೋಯ್ತು. ಅಷ್ಟೇ. ಇದಕ್ಕೂ ನಿನ್ ಗಂಡಂಗೂ ಗಂಟು ಹಾಕಿದ್ರೆ ನಾನು ಮತ್ತೆ ಈ ಮನೆಗೆ ಕಾಲಿಡಲ್ಲ."

ಎಷ್ಟು ಖಂಡಿತವಾಗಿ ಹೇಳಿದರೆಂದರೆ ನಾನು ನಂಬಿದೆ. ಸತ್ತ ಮೀನನ್ನು ಎಲೆಯಲ್ಲಿ ಸುತ್ತಿ ಅವರೇ ತೆಗೆದುಕೊಂಡು ಹೋದರು.

ಐದು ದಿನದ ಮೇಲೆ ನನ್ನ ಗಂಡನ ಫೋನು ಬಂತು. ಅಂಗಡಿಗೆ ಓಡಿ ಸುದ್ದಿ ಹೇಳಿದರೆ ಅಕ್ಕ ತೊಟ್ಟಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಆಮೇಲೆ, "ನಾನು ಹೇಳಿರ್ಲಿಲ್ವಾ" ಎಂದರು, ಅಷ್ಟೇ. ಮುಂದಿನ ರಜೆಯಲ್ಲಿ ಗಂಡನನ್ನು ಕರೆದುಕೊಂಡು ಹೋದೆ. ಅವರಿಗೆ ಸಿಕ್ಕಿದ್ದು ಬೈಗುಳ: "ಅಷ್ಟು ಸಣ್ಣ ತೊಟ್ಟಿಗೆ ಎರಡು ಮೀನು ಬಿಟ್ಟು ಹೋಗೋದಾ ನೀವು?"

ಹೋದ ವರ್ಷ ಅಕ್ಕ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ. ತಿಥಿಯ ದಿನ ಅವರ ಗಂಡನ ಪಕ್ಕ ಕೂತು, ನನಗೆ ಅಂದು ಧೈರ್ಯ ಕೊಟ್ಟಿದ್ದು ಅಕ್ಕನೇ ಎಂದೆ. ಅವರು ನನ್ನನ್ನೇ ದಿಟ್ಟಿಸಿದರು.

"ಧೈರ್ಯಾನಾ? ಅವಳ ತಮ್ಮ ಲಾರಿ ಓಡಿಸ್ತಿದ್ದನಮ್ಮ. ಅವನು ಆಕ್ಸಿಡೆಂಟಲ್ಲಿ ಹೋದ ದಿನ ಬೆಳಿಗ್ಗೆ ಅಂಗಡೀಲಿ ಒಂದು ಮೀನು ಸತ್ತಿತ್ತು. ಅವತ್ತಿಂದ ಯಾವ ಮೀನು ಸತ್ರೂ ನಮಗೆಲ್ಲ ಫೋನ್ ಮಾಡಿ, ಎಲ್ಲಿದ್ದೀರಾ ಅಂತ ಕೇಳೋಳು. ನಿಮ್ ಮನೆ ಮೀನು ಸತ್ತಾಗ ಐದು ದಿನ ಸರಿಯಾಗಿ ಊಟಾನೇ ಮಾಡ್ಲಿಲ್ಲ. ಆ ಹುಡುಗಿಗೆ ಫೋನ್ ಬಂತೋ ಇಲ್ವೋ ಅಂತ ಮನೆ ತುಂಬ ಓಡಾಡ್ತಿದ್ಲು."

ನಾನು ಆ ಐದು ದಿನ ನೆಮ್ಮದಿಯಾಗಿ ಉಂಡು ಮಲಗಿದ್ದೆ.