ಕೆಳಗಿನ ಕಾಲುಭಾಗ

ಆ ಸಾಹೇಬನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಾಗಲಕೋಟೆಯಲ್ಲಿ ಬಿ.ಕಾಂ. ಓದುತ್ತಿದ್ದೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಅವ್ವ ಸೀರೆ ನೇಯುತ್ತಿದ್ದಳು. ನೂಲು ಬರುತ್ತಿದ್ದುದು ನೇಕಾರರ ಸಂಘದಿಂದ. ಅಲ್ಲಿಗೆ ಹೊಸದಾಗಿ ಬಂದ ಈ ಮಹಾಶಯ, ಯಾರು ಎಷ್ಟು ಸೀರೆ ನೇಯ್ದರೆಂದು ನೋಡಿ, ಓಣಿಯ ಹನ್ನೆರಡು ಮಗ್ಗಗಳನ್ನು ಹೆಚ್ಚಿನಿಂದ ಕಡಿಮೆಗೆ ಸಾಲಾಗಿಟ್ಟು ನಾಲ್ಕು ಪಾಲು ಮಾಡಿದ. ಮುಂದಿನ ತಿಂಗಳು ಕೆಳಗಿನ ಕಾಲುಭಾಗದಲ್ಲಿ, ಅಂದರೆ ಕೊನೆಯ ಮೂರರಲ್ಲಿ, ಯಾರಿರುತ್ತಾರೋ ಅವರಿಗೆ ನೂಲು ಬಂದ್ ಎಂದ. ಆಗ ಆ ಮೂರರಲ್ಲಿ ಅವ್ವನೂ ಇದ್ದಳು. ಅವಳದು ತೆನೆ ಮೂಡಿಸುವ ರೇಷ್ಮೆ ಸೆರಗು. ಅವಸರ ಮಾಡಿದರೆ ತೆನೆ ಸೊಟ್ಟಗಾಗುತ್ತದೆ.

ರಜೆಗೆ ಬಂದವಳು ನೆಟ್ಟಗೆ ಸಂಘಕ್ಕೆ ಹೋದೆ.

"ಸಾಹೇಬ್ರ, ಎಲ್ಲಾರೂ ಎರಡರಷ್ಟು ನೇಯ್ದ್ರೂ ಕೆಳಗಿನ ಕಾಲುಭಾಗ ಇದ್ದ ಇರತೈತ್ರಿ. ಸಾಲಿನ್ಯಾಗ ನಿಲ್ಲಿಸಿದ ಮ್ಯಾಲ ಯಾರರ ಕಡೀಕ ಇರಬೇಕಲ್ರಿ!"

ಅವನು ನಕ್ಕ. "ಕೆಳಗಿನ ಭಾಗದಲ್ಲಿ ಯಾರೂ ಇರಬಾರದು ಅಂತಲೇ ಈ ಕ್ರಮ ಕಣಮ್ಮ. ಎಲ್ಲರೂ ಮೇಲಿನ ಮೂರು ಭಾಗಕ್ಕೆ ಬರಲಿ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಇಂಥವನ ಕೈಗೆ ಲೆಕ್ಕ ಕೊಟ್ಟವರು ಯಾರೋ, ಅವರ ಬಾಯಿಗೆ ಮಣ್ಣು ಹಾಕ!

ಅವ್ವ ತೆನೆ ಬಿಟ್ಟು ಸಾದಾ ಸೆರಗು ಹಿಡಿದಳು. ಊಟ, ನಿದ್ದೆ ಒಂದೂ ಹೊತ್ತಿಗೆ ಸರಿಯಾಗಿ ಇಲ್ಲ. ಓಣಿಯ ಎಲ್ಲರದೂ ಅದೇ ಕಥೆ. ತಿಂಗಳು ಮುಗಿದಾಗ ಎಲ್ಲ ಮಗ್ಗಗಳ ಸೀರೆಯೂ ಹೆಚ್ಚಾಗಿತ್ತು, ಅವ್ವ ಮೇಲೆ ಬಂದಿದ್ದಳು. ನೂಲಿನ ಗಂಟು ಹೊತ್ತು ತಂದು, ಕುಣಿಯುವುದೊಂದು ಬಾಕಿ, ನನಗೆ ಬಿಸಿ ಹೋಳಿಗೆ ಬಡಿಸಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಕಾಕಿ ಅಳುತ್ತ ಬಂದಳು. ಅವ್ವನ ಜೀವದ ಗೆಳತಿ, ಅವಳ ಜೊತೆಗೇ ಮಗ್ಗ ಕಲಿತವಳು. ಅವಳಿಗೆ ನೂಲು ನಿಂತಿತ್ತು.

"ಆಕಿನೂ ಹ್ವಾದ ತಿಂಗಳಕಿಂತ ಹೆಚ್ಚ ನೇಯ್ದಾಳ, ಮತ್ಯಾಕ ನಿಲ್ಲಿಸ್ಯಾರ?" ಅವ್ವ ನನ್ನನ್ನು ಕೇಳಿದಳು.

"ನೀ ಮ್ಯಾಲ ಬಂದಿ ಅಲ್ಲಬೇ. ನಿನ್ನ ಜಾಗಾಕ ಒಬ್ಬರು ಇಳೀಬೇಕಲ್ಲ."

ಅವ್ವನ ಮುಖ ಕಪ್ಪಿಟ್ಟಿತು. "ಹಂಗಾರ ನಾ ತಿಂಗಳಪೂರ್ತಿ ಸೀರಿ ನೇಯ್ದಿಲ್ಲ. ಇಕಿ ಹೊಟ್ಟಿ ಮ್ಯಾಲ ಹೊಡದೀನಿ."

ಆಮೇಲೆ ನೂಲಿನ ಗಂಟನ್ನೆತ್ತಿ ಕಂಕುಳಿಗಿಟ್ಟುಕೊಂಡು, "ಏಳ್ರಿ ಇಬ್ಬರೂ, ಇದನ್ನ ಆ ಭಾಡ್ಯಾನ ಮಾರಿ ಮ್ಯಾಲ ಒಗದು ಬರೂಣು" ಎಂದಳು.