ಬಾಗಿಲಲ್ಲಿ ನಿಲ್ಲಲು ಪರವಾನಗಿ

ಉತ್ತರ ಕ್ಯಾರೊಲೈನಾದ ಗುಡ್ಡಗಳ ನಡುವಿನ ಬೀಚ್ ಫೋರ್ಕ್ ಬ್ಯಾಪ್ಟಿಸ್ಟ್ ಚರ್ಚಿನ ಮುಂಬಾಗಿಲಲ್ಲಿ ಡೆಲ್ಮರ್ ಸ್ಟ್ರೂಪ್ ಮೂವತ್ತೊಂದು ವರ್ಷದಿಂದ ನಿಂತಿದ್ದ. ಭಾನುವಾರ ಬರುವವರ ಕೈ ಕುಲುಕುವುದು, ಮುದುಕಿಯರಿಗೆ ಮೆಟ್ಟಿಲ ಹತ್ತಿರ ತೋಳು ಕೊಡುವುದು, ಹೊಸಬರ ಹೆಸರು ಕೇಳಿ ಮುಂದಿನ ವಾರ ಅದೇ ಹೆಸರಿನಿಂದ ಕೂಗುವುದು, ಇಷ್ಟೇ ಅವನ ಕೆಲಸ. ಹೊಟ್ಟೆಪಾಡಿಗೆ ಕಾಲುಚೀಲದ ಗಿರಣಿಯಲ್ಲಿ ನಲವತ್ತು ವರ್ಷ ಯಂತ್ರ ರಿಪೇರಿ ಮಾಡಿದ. ಗಿರಣಿ ಮುಚ್ಚಿತು, ಬಾಗಿಲು ಉಳಿಯಿತು. ಅದೂ ಹೋದರೆ ಊರಲ್ಲಿ ತನ್ನನ್ನು ಕೇಳುವವರಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಬಾಗಿಲಿಗೇ ಕುತ್ತು ಬಂತು. ಗಾರ್ಲೆಂಡ್ ಟೀಗ್ ಎಂಬ ಮಹಾಶಯ ವಿಮೆ ಮಾರಿ ನಿವೃತ್ತನಾದವನು. ಕೂತಲ್ಲಿ ಕೂರಲಾರದೆ, ಹಗಲೆಲ್ಲ ವಿಡಿಯೋ ನೋಡಿ ತಲೆ ಬಿಸಿ ಮಾಡಿಕೊಂಡು, ಚರ್ಚಿಗೊಂದು ರಕ್ಷಣಾ ಪಡೆ ಕಟ್ಟಿದ. ಅಲ್ಲಿಗೆ ಬರುವವರು ನೂರಹತ್ತು ಜನ, ಅವರಲ್ಲಿ ಅರ್ಧಕ್ಕರ್ಧ ಊರುಗೋಲಿನವರು. ಈವರೆಗೆ ಅಲ್ಲಿಂದ ಕಳುವಾದದ್ದು ಹಂದಿಯ ಒಂದೇ ಒಂದು ತೊಡೆಮಾಂಸ, ಅದನ್ನು ಒಯ್ದದ್ದೂ ನಾಯಿ. ಆದರೂ ಗಾರ್ಲೆಂಡನ ಕಾನೂನು ಕಾನೂನೇ. ಬಾಗಿಲಲ್ಲಿ ನಿಲ್ಲುವವನ ಕೋಟಿನೊಳಗೆ ಪಿಸ್ತೂಲು ಇರಬೇಕು, ಹಾಗೆ ಮುಚ್ಚಿಟ್ಟುಕೊಳ್ಳಲು ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಶೆರಿಫರ ಕಚೇರಿಯ ಪರವಾನಗಿ ಇರಬೇಕು, ಯಾರ ಬಳಿ ಇದೆ ಎಂದು ಒಬ್ಬರಿಗೂ ತಿಳಿಯಬಾರದು. ಪಾಸ್ಟರ್ ಹಾಯ್ಲ್ ಮಾತ್ರ ಬಲು ಜಾಣ. "ಪಡೆ ಇರ್ಲಿ, ಆದ್ರೆ ಯಾರ ಹತ್ರ ಇದೆ ಅಂತ ನಂಗೂ ಹೇಳ್ಬೇಡಿ" ಎಂದು ಪ್ರಾರ್ಥನೆ ಮಾಡಿ ಕೈ ತೊಳೆದುಕೊಂಡರು.

"ಬ್ರದರ್ ಡೆಲ್ಮರ್, ಪರವಾನಗಿ ಬರೋವರ್ಗೂ ನೀವು ಚರ್ಚಿನ ಅಡುಗೆಮನೇಲಿ ಕಾಫಿ ನೋಡ್ಕೊಳ್ಳಿ," ಎಂದ ಗಾರ್ಲೆಂಡ್.

"ಎಂಟು ವರ್ಷದೋನಿದ್ದಾಗಿಂದ ಅಳಿಲು ಹೊಡ್ದೋನು ನಾನು. ನಂಗೂ ಬೇಕಾ ಪರವಾನಗಿ?"

"ಅಳಿಲಿನ ಮಾತು ಬೇರೆ ಬ್ರದರ್. ಅಲ್ಲಿಗೆ ಬಂದೂಕ ಮುಚ್ಚಿಟ್ಕೊಂಡು ಹೋಗ್ಬೇಕಾಗಿಲ್ಲ."

ಡೆಲ್ಮರ್ ಒಂದು ದಿನದ ತರಗತಿಯಲ್ಲಿ ಕೂತು ಬಂದ. ಕಾಗದದ ಮನುಷ್ಯನ ಎದೆಗೆ ಗುರಿಯಿಟ್ಟು ಹೊಡೆದ. ಶೆರಿಫರ ಕಚೇರಿಯಲ್ಲಿ ಅರ್ಜಿ ಕೊಟ್ಟ. ಅಲ್ಲಿನ ಗುಮಾಸ್ತೆ ಕೆಂಡ್ರಾ ಅವನ ಬೆರಳುಗಳನ್ನು ಒಂದೊಂದಾಗಿ ಬೆರಳಚ್ಚು ಯಂತ್ರದ ಗಾಜಿನ ಮೇಲೆ ಹೊರಳಿಸಿದಳು. ಪರದೆ ನೋಡಿದಳು, ಮತ್ತೆ ಹೊರಳಿಸಿದಳು.

"ಅಯ್ಯೋ ಮಿಸ್ಟರ್ ಡೆಲ್ಮರ್, ನಿಮ್ಮ ಬೆರಳಲ್ಲಿ ಗೆರೆನೇ ಇಲ್ವಲ್ಲ! ಎಲ್ಲಿ ಬಿಟ್ಟು ಬಂದ್ರಿ?"

"ನಿಮ್ಮೆಲ್ಲರ ಕಾಲುಚೀಲದಲ್ಲಿ ಇದಾವಮ್ಮ, ಹುಡುಕು."

ನೂಲು ಉಜ್ಜಿ, ಎಣ್ಣೆ ತೊಳೆಯುವ ದ್ರಾವಣ ತಾಗಿ ಬೆರಳು ಸವೆದಿದ್ದವು. ರಾಜಧಾನಿಯಿಂದ ಬೆರಳಚ್ಚು ಎರಡು ಸಲ ವಾಪಸ್ ಬಂತು. ಜೀವಮಾನವಿಡೀ ಎಲ್ಲೂ ಕೈ ಸವೆಸದವನ ಬೆರಳಿಗೆ ಕೂಡಲೇ ಮುದ್ರೆ, ದುಡಿದವನ ಬೆರಳಿನ ಮೇಲೆ ಅನುಮಾನ. ಎಂಥ ಸರ್ಕಾರವೋ! ಹೆಂಡತಿ ಲವಾಡಾ ದಿನಾ ಅವನ ಕೈಗೆ ಮುಲಾಮು ಹಚ್ಚಿ, ಹತ್ತಿಯ ಕೈಗವಸು ತೊಡಿಸಿ ಕೂರಿಸಿದಳು. ಮೂರನೇ ಸಲ ಹೇಗೋ ಅಚ್ಚು ಮೂಡಿತು. ಆಮೇಲೆ ಅವನ ತಲೆ ನೆಟ್ಟಗಿದೆಯೇ ಎಂದು ಆಸ್ಪತ್ರೆಯ ಕಡತ ಹುಡುಕಲು ಇನ್ನೊಂದಷ್ಟು ವಾರ. ಲವಾಡಾಳನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದಳು.

ಅವನು ದಿನಾ ಫೋನು ಮಾಡುತ್ತಿದ್ದ. "ಇವತ್ತೂ ಇಲ್ಲ ಮಿಸ್ಟರ್ ಡೆಲ್ಮರ್. ಬಂದ್ರೆ ನಾನೇ ಹೇಳ್ತೀನಿ. ದಿನಾ ಕೇಳಿದ್ರೆ ಏನು ಮೊಟ್ಟೆ ಇಡುತ್ತಾ ಅದು?" ಎನ್ನುತ್ತಿದ್ದಳು ಕೆಂಡ್ರಾ. ಭಾನುವಾರ ಡೆಲ್ಮರ್ ಕಾಫಿ ಪಾತ್ರೆಯ ಪಕ್ಕ ನಿಂತು, ಹೊರಗೆ ಬಾಗಿಲ ಹತ್ತಿರ ಕೇಳುವ ನಗುವಿಗೆ ಕಿವಿ ಕೊಡುತ್ತಿದ್ದ. ಡೆಲ್ಮರ್ ಎಲ್ಲಿ ಎಂದು ಕೇಳಿದವರಿಗೆ ಗಾರ್ಲೆಂಡ್ ಗುಟ್ಟು ಕಾಯಲು ಮುಖ ಸಪ್ಪಗೆ ಮಾಡಿ, "ಸ್ವಲ್ಪ ವಿಶ್ರಾಂತಿ ಬೇಕಂತೆ" ಎನ್ನುತ್ತಿದ್ದ. ಕೇಳಿದವರು ಅಯ್ಯೋ ಪಾಪ ಎಂದು ಒಳಗೆ ಹೋಗುತ್ತಿದ್ದರು.

ಅರ್ಜಿ ಕೊಟ್ಟ ತೊಂಬತ್ತೇಳನೇ ದಿನ ಪರವಾನಗಿ ಬಂತು. ಭಾನುವಾರ ಜೂನ್ ತಿಂಗಳ ಸೆಕೆಯಲ್ಲಿ ಉಣ್ಣೆಯ ಕೋಟು ತೊಟ್ಟು, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿ, ಮದುಮಗನ ಉತ್ಸಾಹದಲ್ಲಿ ಡೆಲ್ಮರ್ ಬಾಗಿಲಿಗೆ ಬಂದ. ಗಾರ್ಲೆಂಡ್ ಕಿವಿಯಲ್ಲಿ ಪಿಸುಗುಟ್ಟಿದ.

"ಬಲಗೈ ಸದಾ ಖಾಲಿ ಇರ್ಬೇಕು ಬ್ರದರ್. ಕುಲುಕೋ ಹಾಗಿಲ್ಲ, ಯಾರಿಗೂ ತೋಳು ಕೊಡೋ ಹಾಗಿಲ್ಲ."

"ಮತ್ತೆ ಬಾಗಿಲಲ್ಲಿ ನಿಂತು ನಾನೇನು ಮಾಡ್ಲಿ?"

"ಅನುಮಾನ ಪಡ್ತಾ ಇರಿ."

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು. ತೊಂಬತ್ತು ದಾಟಿದ ಮಿಸ್ ಬ್ಯೂಲಾ ಮೆಟ್ಟಿಲು ಹತ್ತಿ ಬಂದು ಕೈ ಚಾಚಿದಳು. ಡೆಲ್ಮರ್ ಬಲಗೈಯನ್ನು ತೊಡೆಗೆ ಅಂಟಿಸಿಕೊಂಡೇ ಎಡಗೈ ಕೊಟ್ಟ.

"ಬಲಗೈಗೆ ಏನಾಯ್ತಪ್ಪಾ?"

"ಏನಿಲ್ಲ ಮಿಸ್ ಬ್ಯೂಲಾ. ಹೀಗೇ... ಸುಮ್ನೆ."

ಅಷ್ಟು ಸಾಕಾಯಿತು. ಬೀಚ್ ಫೋರ್ಕಿನ ಹೆಂಗಸರಲ್ಲಿ ಊರಲ್ಲಿ ಯಾರಿಗಾದರೂ ಕಷ್ಟ ಬಂದರೆ ಒಬ್ಬಳು ಇನ್ನೊಬ್ಬಳಿಗೆ ಫೋನು ಮಾಡಿ ಪ್ರಾರ್ಥನೆ ಕೋರುವ ಪದ್ಧತಿಯುಂಟು. ಚಾಡಿ ಪಾಪ, ಪ್ರಾರ್ಥನೆ ಪುಣ್ಯ. ಮೊದಲ ಫೋನಿನಲ್ಲಿ ಡೆಲ್ಮರನ ಕೈ ಜೋಮು ಹಿಡಿದಿತ್ತು, ಮೂರನೆಯದರಲ್ಲಿ ಲಕ್ವ ಹೊಡೆಯಿತು, ಏಳನೆಯದರಲ್ಲಿ ಮಾತೇ ಬಿದ್ದುಹೋಯಿತು. ಸಂಜೆಯೊಳಗೆ ಅವನ ಮನೆಗೆ ಚೀಸ್ ಹಾಕಿ ಬೇಯಿಸಿದ ಕೋಳಿ ಅನ್ನದ ಒಂಬತ್ತು ಪಾತ್ರೆಗಳೂ ನಾಲ್ಕು ಬಾಳೆಹಣ್ಣಿನ ಪುಡ್ಡಿಂಗೂ ಬಂದವು. ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಿಜ ಹೇಳಿದರೆ ಗುಟ್ಟು ರಟ್ಟಾಗಿ ಬಾಗಿಲು ಹೋಗುತ್ತದೆ.

ಹೇಳದಿದ್ದರೂ ಹೋಯಿತು. ಮರುದಿನ ಪಾಸ್ಟರ್ ಹಾಯ್ಲ್ ಬಂದು ಅವನ ಪಕ್ಕ ಕೂತರು.

"ಬ್ರದರ್ ಡೆಲ್ಮರ್, ನೀವು ಇನ್ನು ಮುಂದಿನ ಸಾಲಲ್ಲಿ ಆರಾಮಾಗಿ ಕೂತ್ಕೊಳ್ಳಿ. ಬಾಗಿಲು ಗಾರ್ಲೆಂಡ್ ನೋಡ್ಕೋತಾರೆ."

ಅವರು ಹೋದ ಮೇಲೆ ಲವಾಡಾ ಪುಡ್ಡಿಂಗ್ ತಿನ್ನುತ್ತಲೇ ಚುಚ್ಚಿದಳು. "ನಿನ್ನ ಕೈಗೆ ಲಕ್ವ ಹೊಡೆದಿಲ್ಲ ಡೆಲ್ಮರ್, ತಲೆಗೆ ಹೊಡೆದಿದೆ. ಜನರ ಕೈ ಹಿಡಿಯೋಕೆ ನಿಂತೋನು ನೀನು. ಪಿಸ್ತೂಲು ಹಿಡಿಯೋಕೆ ಯಾವಾಗಿಂದ ನಿಂತೆ?"

ಅವನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಮುಂದಿನ ಭಾನುವಾರ ಪಿಸ್ತೂಲನ್ನು ಬೀರುವಿನ ಖಾನೆಗೆ ಹಾಕಿ ಬೀಗ ಜಡಿದು, ಅಂಗಿಯ ತೋಳು ಮಡಚಿ, ಎಲ್ಲರಿಗಿಂತ ಮೊದಲೇ ಬಾಗಿಲಿಗೆ ಬಂದು ನಿಂತ. ಬಂದವರಿಗೆಲ್ಲ ಬಲಗೈ ಚಾಚಿದ. ಮೊದಲು ಜನ ಹೆದರಿದರು, ಆಮೇಲೆ ಅತ್ತರು. ಮಿಸ್ ಬ್ಯೂಲಾ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ನಾನು ಎರಡು ರಾತ್ರಿ ಮಂಡಿಯೂರಿ ಪ್ರಾರ್ಥನೆ ಮಾಡಿದ್ದೆ ಕಣಪ್ಪಾ" ಎಂದಳು. ಡೆಲ್ಮರನಿಗೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ಪಾಸ್ಟರ್ ಹಾಯ್ಲ್ ಬಂದು, ವಾಸಿಯಾದ ಕೈ ಕುಲುಕಿ, ಆಕಾಶ ನೋಡಿ ಹಲ್ಲೆಲೂಯ ಅಂದರು.

ಗಾರ್ಲೆಂಡ್ ಜನರನ್ನು ಸರಿಸಿಕೊಂಡು ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಬ್ರದರ್ ಡೆಲ್ಮರ್, ಇದೇನಿದು?"

"ಜೋರಾಗಿ ಹೇಳಿ ಬ್ರದರ್. ಎಲ್ರಿಗೂ ಕೇಳಿಸ್ಲಿ."

ಮೆಟ್ಟಿಲ ಮೇಲಿದ್ದವರೆಲ್ಲ ಗಾರ್ಲೆಂಡನ ಬಾಯಿ ನೋಡಿದರು. ಹೇಳಿದರೆ ಪಡೆಯ ಗುಟ್ಟು ಅವನ ಬಾಯಿಂದಲೇ ರಟ್ಟಾಗುತ್ತಿತ್ತು. "ದೇವರು ವಾಸಿ ಮಾಡಿದ ಕೈ ಗಾರ್ಲೆಂಡ್," ಎಂದಳು ಮಿಸ್ ಬ್ಯೂಲಾ, "ನೀನೂ ಕುಲುಕಪ್ಪಾ."

ಅಷ್ಟು ಜನರೆದುರು ಇನ್ನೇನು ಮಾಡುತ್ತಾನೆ? ಕೋಟಿನ ಪಕ್ಕ ಕಾಯುತ್ತಿದ್ದ ಬಲಗೈಯನ್ನು ಮುಂದೆ ಚಾಚಿದ. ಡೆಲ್ಮರ್ ಅದನ್ನು ಗಟ್ಟಿಯಾಗಿ ಹಿಡಿದು, ಮೊದಲ ಹಾಡು ಶುರುವಾಗುವವರೆಗೂ ಬಿಡಲಿಲ್ಲ.